ನೆಯ್ಗೆಯ ಶರಣ ಜೇಡರ ದಾಸಿಮಯ್ಯನವರು

ಕೃಷ್ಣಾ ಭೀಮಾ ನದಿಗಳ ನಡುವಣ ಎರೆನೆಲದಲ್ಲಿ, ಸುರಪುರದ ಸೀಮೆಗೆ ಸೇರಿದಂತೆ, ಮುದನೂರು ಎಂಬ ಗ್ರಾಮವಿರುವುದು. ಹಿಂದೆ ಇದು ನಿಜಾಮರ ರಾಜ್ಯದ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದಿತು. ಈಗ ಯಾದಗಿರಿ ಜಿಲ್ಲೆಯಲ್ಲಿದೆ. ಹತ್ತಿಯು ಹುಲುಸಾಗಿ ಬೆಳೆಯುವ ಆ ಕಪ್ಪು ಮಣ್ಣಿನ ನಾಡಿನಲ್ಲಿ ನೂಲುವವರೂ ನೆಯ್ಯುವವರೂ ಊರೂರಿಗೆ ಇದ್ದುದು ಆಶ್ಚರ್ಯವಲ್ಲ. ಮುದನೂರಿನಲ್ಲಿ ರಾಮನಾಥ ದೇವಾಲಯವಿದೆ. ರಾಮನಿಂದ ಪೂಜೆಗೊಂಡ ಶಿವನೇ ರಾಮನಾಥನು. ಈ ರಾಮನಾಥನನ್ನು ತನ್ನ ವಚನಗಳ ಅಂಕಿತವಾಗಿ ಧರಿಸಿಕೊಂಡು, ಮಗ್ಗದ ಮುಂದೆ ಕುಳಿತೇ ಮೋಕ್ಷಮಾರ್ಗವನ್ನು ಕಂಡ ಮಹಾನುಭಾವರು ಜೇಡರ ದಾಸಿಮಯ್ಯನವರು.

ಕಲ್ಯಾಣದ ಶರಣಸಮೂಹಕ್ಕೆ ಹಿಂದಿನವರಾದುದರಿಂದ ಇವರನ್ನು ಆದ್ಯವಚನಕಾರರಲ್ಲಿ ಎಣಿಸುವುದು ರೂಢಿ. ಬಸವಣ್ಣನವರು ತಮ್ಮ ವಚನಗಳಲ್ಲಿ ಇವರನ್ನು ಪುರಾತನರ ಸಾಲಿನಲ್ಲಿ ನಿಲ್ಲಿಸಿ ಭಕ್ತಿಯಿಂದ ನೆನೆದಿದ್ದಾರೆ. ಹದಿಮೂರನೆಯ ಶತಮಾನದ ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿದ ಬಸವಪುರಾಣದಲ್ಲಿಯೂ, ಅದನ್ನು ಆಧರಿಸಿ ಭೀಮಕವಿಯು 1369ರಲ್ಲಿ ಕನ್ನಡದಲ್ಲಿ ರಚಿಸಿದ ಬಸವಪುರಾಣದಲ್ಲಿಯೂ ಇವರ ಕಥೆಯು ಬಂದಿರುವುದು. ಪುರಾಣಗಳು ಇವರನ್ನು ಕಲ್ಯಾಣ ಚಾಲುಕ್ಯರ ಜಗದೇಕಮಲ್ಲ ಜಯಸಿಂಹನ ಕಾಲದವರೆಂದು ಹೇಳುತ್ತವೆ. ಆ ಅರಸನು ಸುಮಾರು 1015ರಿಂದ 1042ರವರೆಗೆ ಆಳಿದನು. ಹಾಗಿದ್ದಲ್ಲಿ ದಾಸಿಮಯ್ಯನವರು ಬಸವಣ್ಣನವರಿಗಿಂತ ಒಂದು ಶತಮಾನದಷ್ಟು ಹಿಂದಿನವರಾಗುತ್ತಾರೆ. ಅಷ್ಟು ಹಿಂದಿನವರಲ್ಲವೆಂದು ವಾದಿಸುವ ವಿದ್ವಾಂಸರೂ ಉಂಟು. ಆದರೆ ಇವರು ಬಸವಣ್ಣನವರಿಗೆ ಮೊದಲಿನವರೆಂಬ ಮಾತನ್ನು ಬಹುಮಂದಿ ಒಪ್ಪಿರುವರು.

ತಂದೆ ಕಾಮಯ್ಯ, ತಾಯಿ ಶಂಕರಿ ಎಂದು ಸಂಪ್ರದಾಯವು ಹೇಳುವುದು. ಜೇಡರೆಂದರೆ ನೇಕಾರರು. ಕನ್ನಡದಲ್ಲಿ ಜೇಡ ಎಂಬ ಶಬ್ದವು ಬಲೆ ಹೆಣೆಯುವ ಕೀಟಕ್ಕೂ ಬಟ್ಟೆ ನೆಯ್ಯುವವನಿಗೂ ಸಲ್ಲುವುದು. ಸಂಸ್ಕೃತದಲ್ಲಿ ಜೇಡವನ್ನು ತಂತುವಾಯವೆಂದು ಕರೆಯುವರು, ನೇಕಾರನಿಗೂ ಅದೇ ಹೆಸರು. ತನ್ನ ಒಳಗಿನಿಂದಲೇ ಎಳೆಯನ್ನು ತೆಗೆದು ಹರಡುವ ಆ ಕೀಟವನ್ನು ಉಪನಿಷತ್ತುಗಳು ಸೃಷ್ಟಿಗೆ ದೃಷ್ಟಾಂತವಾಗಿ ಹೇಳಿರುವುದು ಪಾಠಶಾಲೆಯಲ್ಲಿ ಓದಿದವರಿಗೆಲ್ಲ ತಿಳಿದ ವಿಷಯವೇ.

ಬಾಲ್ಯದ ಸಂಗತಿಗಳು ಹೆಚ್ಚಾಗಿ ದೊರೆಯವು. ಶ್ರೀಶೈಲದ ಚಂದ್ರಗುಂಡ ಶಿವಾಚಾರ್ಯರಿಂದ ದೀಕ್ಷೆಯಾಯಿತೆಂದು ಪ್ರತೀತಿ. ಯೌವನದಲ್ಲಿ ವೈರಾಗ್ಯವು ಬಲಿತು, ದಾಸಿಮಯ್ಯನವರು ಮನೆಯನ್ನು ಬಿಟ್ಟು ಘೋರಾರಣ್ಯಕ್ಕೆ ಹೋಗಿ ಕಠಿಣವಾದ ತಪಸ್ಸಿನಲ್ಲಿ ನಿಂತರು. ದೇಹವನ್ನು ದಂಡಿಸಿದರೆ ದೇವನು ಒಲಿಯುವನೆಂಬುದು ಆಗಿನ ಸಾಮಾನ್ಯ ನಂಬಿಕೆ. ಪರಶಿವನು ಪ್ರತ್ಯಕ್ಷನಾದನು, ಆದರೆ ತಪಸ್ಸಿಗೆ ಮೆಚ್ಚಿ ವರವನ್ನು ಕೊಡುವ ಬದಲು, ಈ ಮಾರ್ಗವನ್ನು ಬಿಟ್ಟು ಊರಿಗೆ ಹಿಂದಿರುಗಿ, ಕುಲದ ಕಸುಬಾದ ನೆಯ್ಗೆಯನ್ನು ಮಾಡಿ, ಬಂದುದನ್ನು ಜಂಗಮಕ್ಕೆ ಸಲ್ಲಿಸಿ ಬದುಕಬೇಕೆಂದು ಅಪ್ಪಣೆ ಕೊಡಿಸಿದನೆಂದು ಕಥೆಯು ಹೇಳುವುದು. ಈ ಕಥೆಯನ್ನು ಹಗುರಾಗಿ ಓದಬಾರದು. ಕಾಯಕವೆಂಬ ಶಬ್ದವು ಕಲ್ಯಾಣದಲ್ಲಿ ಸಿದ್ಧಾಂತವಾಗಿ ನಿಲ್ಲುವುದಕ್ಕೆ ಮುಂಚೆಯೇ ಅದರ ತಿರುಳು ಮುದನೂರಿನ ಒಬ್ಬ ನೇಕಾರರ ಚರಿತ್ರೆಯಲ್ಲಿ ಬಂದುಬಿಟ್ಟಿದೆ. ಕಾಡಿನಿಂದ ಮಗ್ಗಕ್ಕೆ ಮರಳಿದ ಈ ಪಯಣವೇ ದಾಸಿಮಯ್ಯನವರ ಜೀವಿತದ ಮುಖ್ಯ ಘಟನೆ. ಮಿಕ್ಕ ಪವಾಡಗಳೆಲ್ಲ ಇದರ ಮುಂದೆ ಎರಡನೆಯವು.

ಅವರು ಮರಳಿ ಬಂದು ಹಿಡಿದ ಕೆಲಸವು ಎಂತಹದು ಎಂಬುದನ್ನು ತಿಳಿಯದೆ ಅವರ ವಚನಗಳ ಅರ್ಥವು ಪೂರ್ಣವಾಗಿ ಹೊಳೆಯದು. ಆದುದರಿಂದ ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯವು.

ಅಮರಸಿಂಹನು ತನ್ನ ಕೋಶದಲ್ಲಿ ವಸ್ತ್ರಗಳನ್ನು ಅವುಗಳ ಹುಟ್ಟಿನಿಂದ ನಾಲ್ಕು ವಿಧವಾಗಿ ವಿಂಗಡಿಸಿದ್ದಾನೆ. ತೊಗಟೆಯಿಂದಾದುದು ವಾಲ್ಕ; ನಾರಗಸೆಯ ಕ್ಷೌಮವು ಈ ಬಗೆಯದು. ಫಲದಿಂದಾದುದು ಫಾಲ, ಹತ್ತಿಯ ಬಟ್ಟೆಯು ಇದರಲ್ಲಿ ಸೇರುವುದು. ಹುಳುವಿನ ಗೂಡಿನಿಂದಾದುದು ಕೌಶೇಯ, ಅಂದರೆ ರೇಷ್ಮೆ. ಪ್ರಾಣಿಯ ರೋಮದಿಂದಾದುದು ರಾಂಕವ. ಕಂಬಳಿ ಮೊದಲಾದವು ಈ ಜಾತಿಯವು. ಇಂದಿನ ಶಾಸ್ತ್ರಜ್ಞರೂ ನೈಸರ್ಗಿಕ ನಾರುಗಳನ್ನು ಸಸ್ಯಜನ್ಯ ಪ್ರಾಣಿಜನ್ಯಗಳೆಂದು ಬೇರ್ಪಡಿಸುವಾಗ ಇದೇ ದಾರಿಯನ್ನು ಹಿಡಿಯುತ್ತಾರೆ. ಕಲ್ಲಿದ್ದಲು ಎಣ್ಣೆಗಳಿಂದ ತೆಗೆಯುವ ಕೃತಕ ನಾರುಗಳು ಮಾತ್ರ ಅಮರನ ನಾಲ್ಕು ಮನೆಗಳಲ್ಲಿ ಯಾವುದಕ್ಕೂ ಸೇರವು. ಮುದನೂರಿನ ನೇಕಾರರಿಗೆ ದೊರೆತುದು ಎರೆನೆಲದ ಹತ್ತಿ. ನಾಡಹತ್ತಿಯ ನಾರು ಗಿಡ್ಡ. ಒಂದು ಅಂಗುಲಕ್ಕೂ ಕಡಿಮೆ. ನೀಳವಾದ ನಾರಿನ ಅಮೇರಿಕದ ಹತ್ತಿಯು ಧಾರವಾಡದ ಸೀಮೆಗೆ ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಗಿಡ್ಡ ನಾರಿನಿಂದ ಸಣ್ಣ ನೂಲು ತೆಗೆಯುವುದು ಕೈಯ ಸೂಕ್ಷ್ಮತೆಗೆ ಒಡ್ಡಿದ ಪರೀಕ್ಷೆ.

ಹೊಲದಿಂದ ಬಂದ ಹತ್ತಿಯಲ್ಲಿ ಮೊದಲು ಬೀಜವನ್ನು ಬಿಡಿಸಬೇಕು. ಬೀಜ ಬಿಟ್ಟುದೇ ಅರಳೆ. ಬೆಂಗಳೂರಿನ ಅರಳೆಪೇಟೆಗೆ ಹೆಸರು ಬಂದುದು ಈ ಸರಕಿನಿಂದಲೇ. ಅರಳೆಯನ್ನು ಬಿಲ್ಲಿನ ನಾರಿಯಿಂದ ಮೀಟಿ ಹಿಂಜುವರು. ಗಂಟುಗಳು ಬಿಟ್ಟು, ಕಸವು ಉದುರಿ, ಅರಳೆಯು ಮೋಡದಂತೆ ಹಗುರಾಗುವುದು. ಹಿಂಜಿದುದನ್ನು ಕಡ್ಡಿಯ ಮೇಲೆ ಸುರುಳಿಮಾಡಿ ತೆಗೆದುದು ಹಂಜಿ. ಹಂಜಿಯ ತುದಿಯನ್ನು ಕದಿರಿಗೆ ಕೊಟ್ಟು, ತಿರುಗಿಸುತ್ತ ಎಳೆದರೆ ಹುರಿಗೊಂಡು ನೂಲಾಗುವುದು. ನೂಲಿಗೆ ಬಲ ಬರುವುದು ನಾರಿನಿಂದಲ್ಲ, ಹುರಿಯಿಂದ. ಹುರಿಯು ಕಡಿಮೆಯಾದರೆ ಎಳೆ ಜಾರಿ ಹೋಗುವುದು. ಹೆಚ್ಚಾದರೆ ಸುರುಳಿಗೊಂಡು ಕಡಿಯುವುದು. ಹಾಸಿಗೆ ಬಳಸುವ ನೂಲಿಗೆ ಹುರಿ ಬಿಗಿ, ಹೊಕ್ಕಿಗೆ ಬಳಸುವುದಕ್ಕೆ ಸಡಿಲ.

ನೂಲಿನ ಸಣ್ಣತನವನ್ನು ಹಿಂದಿನವರು ಬೆರಳಿನಿಂದ ತಿಳಿಯುತ್ತಿದ್ದರು. ಗಿರಣಿಗಳು ಬಂದ ಮೇಲೆ ಅದಕ್ಕೆ ಸಂಖ್ಯೆಯ ಲೆಕ್ಕ ಬಂದಿತು. 840 ಗಜದ ಒಂದು ಲಡಿಯಂತೆ, ಒಂದು ಪೌಂಡ್ ತೂಕಕ್ಕೆ ಎಷ್ಟು ಲಡಿಗಳಾಗುವುವೋ ಅದೇ ನೂಲಿನ ನಂಬರು. 20 ನಂಬರಿನ ನೂಲು ದಪ್ಪ, 80 ನಂಬರಿನದು ಸಣ್ಣ. ರೇಷ್ಮೆಗೆ ಲೆಕ್ಕವು ತಲೆಕೆಳಗು: 9000 ಮೀಟರು ಉದ್ದದ ಎಳೆ ಎಷ್ಟು ಗ್ರಾಂ ತೂಗುವುದೋ ಅಷ್ಟು ಡೀನಿಯರು, ಇಲ್ಲಿ ಸಂಖ್ಯೆ ಹೆಚ್ಚಿದಂತೆ ಎಳೆಯು ದಪ್ಪ.

ಕದಿರಿನ ಪ್ರಸ್ತಾಪ ಬಂದಾಗ ಕದಿರ ರೆಮ್ಮವ್ವೆಯವರನ್ನು ನೆನೆಯದೆ ಮುಂದೆ ಹೋಗಲಾಗದು. ಹನ್ನೆರಡನೆಯ ಶತಮಾನದ ಈ ಶರಣೆಯು ನೂಲುವ ಕಾಯಕದವರು. ತಾವು ತಿರುಗಿಸುವ ರಾಟೆಯ ಅಂಗಾಂಗಗಳಲ್ಲಿ ಬ್ರಹ್ಮ ವಿಷ್ಣು ರುದ್ರರನ್ನು ಕಂಡು ವಚನವನ್ನು ಹೇಳಿದ್ದಾರೆ. ಭಾರತದಲ್ಲಿ ರಾಟೆಯ ನಿಶ್ಚಿತವಾದ ಉಲ್ಲೇಖವು 1350ರ ಇಸಾಮಿಯ ಪಾರಸಿ ಗ್ರಂಥದಲ್ಲಿ ಮೊದಲು ದೊರೆಯುವುದೆಂದು ಕೆಲವು ಚರಿತ್ರಕಾರರು ಬರೆದಿದ್ದಾರೆ. ರೆಮ್ಮವ್ವೆಯವರ ವಚನವನ್ನು ಅವರ ಕಾಲದ್ದೆಂದೇ ಒಪ್ಪಿದರೆ ಈ ಎಣಿಕೆಯನ್ನು ತಿದ್ದಬೇಕಾಗುವುದು. ವಚನಗಳ ಓಲೆಪ್ರತಿಗಳು ಬಹು ಈಚಿನವಾದುದರಿಂದ ವಾದವು ಅಲ್ಲಿಗೇ ಮುಗಿಯದು. ಆದರೂ ವಚನಸಾಹಿತ್ಯವು ಭಕ್ತಿಗೆ ಮಾತ್ರವಲ್ಲದೆ ಕಸುಬುಗಳ ಚರಿತ್ರೆಗೂ ಆಕರವೆಂಬುದಕ್ಕೆ ಇದು ಸಾಕ್ಷಿ.

ನೂಲು ಸಿದ್ಧವಾದ ಮೇಲೆ ನೇಕಾರನ ಕೆಲಸ. ಬಟ್ಟೆಯ ಉದ್ದಕ್ಕೆ ಹೋಗುವ ಎಳೆಗಳು ಹಾಸು. ಅಡ್ಡಲಾಗಿ ಸೇರುವುವು ಹೊಕ್ಕು. ಹಾಸುಹೊಕ್ಕು ಎಂಬ ಮಾತನ್ನು ಇಂದು ಯಾವ ವಿಷಯಕ್ಕಾದರೂ ಬಳಸುತ್ತೇವೆಂದು ಮರೆತವರೂ ಬಳಸುವರು, ಅದು ಮಗ್ಗದ ಮಾತು. ಹಾಸಿನ ನೂರಾರು ಎಳೆಗಳನ್ನು ಬೀದಿಯುದ್ದಕ್ಕೆ ಬಿಗಿಯಾಗಿ ಚಾಚಿ ನಿಲ್ಲಿಸಿದುದೇ ಉಂಕಿ. ಎಳೆಗಳು ಒಂದರೊಳಗೊಂದು ಸಿಕ್ಕಾಗದಂತೆ ನಡುನಡುವೆ ಅಡ್ಡ ಕಡ್ಡಿಗಳನ್ನು ಹೊಗಿಸುವರು. ಅನಂತರ ಗಂಜಿಯನ್ನು ಕುಂಚಿಗೆಯಿಂದ ಬಳಿದು, ಒಣಗುವ ಮುಂಚೆಯೇ ಮತ್ತೆ ಮತ್ತೆ ತೀಡುವರು. ಗಂಜಿಯಿಲ್ಲದ ಹಾಸು ಲಾಳಿಯ ಉಜ್ಜುವಿಕೆಯನ್ನು ತಾಳದೆ ಪಿಸಿಯುವುದು. ಈ ಕೆಲಸಕ್ಕೆ ಗಾಳಿ ಬಿಸಿಲುಗಳು ಅತಿಯಾಗಬಾರದು. ಬೆಳಗಿನ ಹೊತ್ತೇ ತಕ್ಕುದು. ಮನೆಯ ಹೆಂಗಸರು ಮಕ್ಕಳೆಲ್ಲರೂ ಇದರಲ್ಲಿ ಕೂಡಲೇ ಬೇಕು. ಒಬ್ಬನೇ ನೆಯ್ಯಬಹುದು, ಒಬ್ಬನೇ ಉಂಕಿಯನ್ನು ಹಾಕಲಾರನು.

ಹಾಸನ್ನು ಮಗ್ಗಕ್ಕೆ ಏರಿಸಿ, ಒಂದೊಂದು ಎಳೆಯನ್ನೂ ನೂಲಿನ ಕಣ್ಣುಗಳಲ್ಲಿ ಪೋಣಿಸಿ, ಫಣಿಯ ಹಲ್ಲುಗಳ ನಡುವೆ ತೆಗೆದು ಕಟ್ಟುವರು. ನೇಕಾರನು ನೆಲದ ಅಂಚಿಗೆ ಕುಳಿತು ಕಾಲುಗಳನ್ನು ಗುಂಡಿಯೊಳಗೆ ಇಳಿಯಬಿಡುವನು. ಅಲ್ಲಿ ತುಳಿಯುವ ಎರಡು ಹಲಗೆಗಳಿರುವುವು. ಒಂದನ್ನು ತುಳಿದರೆ ಹಾಸಿನ ಅರ್ಧ ಎಳೆಗಳು ಮೇಲೇಳುವುವು, ಅರ್ಧ ಕೆಳಗಿಳಿಯುವುವು. ನಡುವೆ ಬಾಯಿ ತೆರೆಯುವುದು. ಆ ಬಾಯೊಳಗೆ ಲಾಳಿಯನ್ನು ಈ ಕೈಯಿಂದ ಆ ಕೈಗೆ ಎಸೆಯಬೇಕು. ಲಾಳಿಯ ಹೊಟ್ಟೆಯಲ್ಲಿ ಮುಳ್ಳೊಂದಿದ್ದು, ಹೊಕ್ಕಿನ ನೂಲನ್ನು ಸುತ್ತಿದ ಕಂಡಿಕೆಯು ಅದಕ್ಕೆ ಸಿಕ್ಕಿಕೊಂಡಿರುವುದು. ಲಾಳಿಯು ದಾಟಿದೊಡನೆ ಫಣಿಯನ್ನು ಎಳೆದು ಹೊಕ್ಕನ್ನು ಬಡಿಯುವರು. ಇನ್ನೊಂದು ಕಾಲನ್ನು ತುಳಿಯುವರು. ಕಾಲು, ಕೈ, ಕಣ್ಣು ಮೂರೂ ಒಂದೇ ಲಯದಲ್ಲಿ ನಡೆಯದಿದ್ದರೆ ಅಂಚು ಸೊಟ್ಟಗಾಗುವುದು, ಬಟ್ಟೆಯಲ್ಲಿ ತೆಳುವು ದಟ್ಟಗಳು ಕಾಣಿಸುವುವು. ಹಗ್ಗವನ್ನೆಳೆದು ಲಾಳಿಯನ್ನು ಓಡಿಸುವ ಯುಕ್ತಿಯನ್ನು ಇಂಗ್ಲೆಂಡಿನ ಜಾನ್ ಕೇ ಎಂಬುವನು ಕಂಡುಹಿಡಿದುದು 1733ರಲ್ಲಿ. ಅದಕ್ಕೆ ಮೊದಲು ಎಲ್ಲ ದೇಶಗಳಲ್ಲಿಯೂ ಒಬ್ಬನೇ ನೇಕಾರನು ನೆಯ್ಯುವ ಬಟ್ಟೆಯ ಅಗಲವು ಅವನ ತೋಳುಗಳ ಚಾಚಿನ ಮೇಲೆ ನಿಂತಿದ್ದಿತು. ದಾಸಿಮಯ್ಯನವರ ಮಗ್ಗವೂ ಇಂತಹುದೇ.

ತರ್ಕಶಾಸ್ತ್ರವನ್ನು ಓದುವವರಿಗೆ ಪಟವು ಚಿರಪರಿಚಿತವಾದ ಉದಾಹರಣೆ. ತಂತುಗಳು ಪಟಕ್ಕೆ ಸಮವಾಯಿಕಾರಣ, ತಂತುಗಳ ಸಂಯೋಗವು ಅಸಮವಾಯಿಕಾರಣ, ತುರೀ ವೇಮಾದಿಗಳು ನಿಮಿತ್ತಕಾರಣವೆಂದು ಅನ್ನಂಭಟ್ಟನ ತರ್ಕಸಂಗ್ರಹದ ಪಾಠವನ್ನು ಬಾಲಕರು ಒಂದೇ ಉಸಿರಿನಲ್ಲಿ ಒಪ್ಪಿಸುವರು. ತುರಿ ಯಾವುದು, ವೇಮವೆಲ್ಲಿದೆ ಎಂದು ಕೇಳಿದರೆ ಮಾತ್ರ ಪಾಠಶಾಲೆಯ ಜಗಲಿಯಲ್ಲಿ ಮೌನವೇ ಉತ್ತರ. ಮಗ್ಗವನ್ನೇ ನೋಡದೆ ಪಟದ ಕಾರಣಗಳನ್ನು ನಿರ್ಣಯಿಸುವ ಈ ವಿದ್ಯೆಗೂ, ಮಗ್ಗದೊಳಗೆ ಕುಳಿತು ಜಗತ್ತಿನ ಕಾರಣವನ್ನು ಚಿಂತಿಸಿದ ದಾಸಿಮಯ್ಯನವರ ವಿದ್ಯೆಗೂ ಎಷ್ಟು ಅಂತರ!

ದಾಸಿಮಯ್ಯನವರ ವಿವಾಹದ ಕಥೆಯು ರಮ್ಯವಾಗಿದೆ. ತಕ್ಕ ಕನ್ಯೆಯನ್ನು ಅರಸುತ್ತ ಹೊರಟ ಅವರು ಮರಳು ಬೆರೆಸಿದ ಅಕ್ಕಿಯನ್ನೂ ಕಬ್ಬಿನ ಜಲ್ಲೆಗಳನ್ನೂ ಹೊತ್ತು, ಬೇರೆ ನೀರನ್ನೂ ಬೇರೆ ಸೌದೆಯನ್ನೂ ಬಳಸದೆ ಪಾಯಸವನ್ನು ಮಾಡಬಲ್ಲವಳನ್ನೇ ವರಿಸುವೆನೆಂದು ಊರೂರು ತಿರುಗಿದರು. ಕಂಡವರೆಲ್ಲರೂ ನಕ್ಕರು. ಶಿವಪುರದಲ್ಲಿ ದುಗ್ಗಳೆಯೆಂಬ ಕನ್ಯೆಯು ಮಾತ್ರ ನಗದೆ, ಅಕ್ಕಿಯಿಂದ ಮರಳನ್ನು ಬೇರ್ಪಡಿಸಿ, ಕಬ್ಬನ್ನು ಹಿಂಡಿ ಅದರ ರಸವನ್ನೇ ನೀರಾಗಿಸಿ, ಹಿಂಡಿದ ಸಿಪ್ಪೆಯನ್ನು ಒಣಗಿಸಿ ಉರಿಸಿ ಪಾಯಸವನ್ನು ಬಡಿಸಿದಳು. ಬಡವರ ಮನೆಯ ಗೃಹಿಣಿಗೆ ಬೇಕಾದ ಗುಣವು ಇದೇ ಅಲ್ಲವೇ? ಇದ್ದುದರಲ್ಲಿಯೇ ಎಲ್ಲವನ್ನೂ ಕಾಣುವ ಕಣ್ಣು. ಅರಳೆಯಲ್ಲಿ ಒಂದು ನಾರೂ ವ್ಯರ್ಥವಾಗಬಾರದೆನ್ನುವ ನೇಕಾರರ ಮನೆಗೆ ಇಂತಹ ಸೊಸೆಯೇ ತಕ್ಕವಳು. ಅಂದಿನಿಂದ ದುಗ್ಗಳೆಯಮ್ಮನವರು ಪತಿಯ ಕಾಯಕದಲ್ಲಿಯೂ ದಾಸೋಹದಲ್ಲಿಯೂ ಸಮಭಾಗಿನಿಯಾದರು. ಸಂಸಾರವು ಸಾಧನೆಗೆ ಅಡ್ಡಿಯೆಂಬ ಮಾತಿಗೆ ಈ ದಂಪತಿಗಳೇ ಉತ್ತರ. ಸತಿಪತಿಗಳ ಭಕ್ತಿಯು ಒಂದಾದರೆ ಅದು ಶಿವನಿಗೆ ಪ್ರಿಯವೆಂಬ ಅಭಿಪ್ರಾಯವು ದಾಸಿಮಯ್ಯನವರ ವಚನಗಳಲ್ಲಿ ಬಂದಿರುವುದು ಈ ಅನುಭವದಿಂದಲೇ ಎಂದು ತಿಳಿಯಬೇಕು.

ಇನ್ನು ತವನಿಧಿಯ ಪ್ರಸಂಗ. ದಾಸಿಮಯ್ಯನವರು ತಮ್ಮ ಕೌಶಲವನ್ನೆಲ್ಲ ಧಾರೆಯೆರೆದು ಬಹುಕಾಲ ಶ್ರಮಿಸಿ ಒಂದು ದಿವ್ಯವಸ್ತ್ರವನ್ನು ನೆಯ್ದರು. ಸಂತೆಗೆ ಒಯ್ದರೆ ಅದರ ಬೆಲೆಯನ್ನು ಕಟ್ಟಬಲ್ಲವರೇ ಸಿಕ್ಕಲಿಲ್ಲ. ಹಿಂದಿರುಗುವ ದಾರಿಯಲ್ಲಿ ವೃದ್ಧಜಂಗಮರೊಬ್ಬರು ಎದುರಾಗಿ ಆ ವಸ್ತ್ರವನ್ನು ಬೇಡಿದರು. ಮನೆಯಲ್ಲಿ ಅಕ್ಕಿಯಿಲ್ಲ, ಬಟ್ಟೆ ಮಾರಿದರೆ ಮಾತ್ರ ದಾಸೋಹ. ಆದರೂ ದಾಸಿಮಯ್ಯನವರು ಹಿಂದುಮುಂದು ನೋಡದೆ ಕೊಟ್ಟುಬಿಟ್ಟರು. ಜಂಗಮರು ಅದನ್ನು ಹೊದೆಯಲಿಲ್ಲ. ಅವರ ಕಣ್ಣೆದುರಿನಲ್ಲಿಯೇ ಚೂರುಚೂರಾಗಿ ಹರಿದರು.

ಕೈಯಿಂದ ನೆಯ್ಯುವವರಿಗೆ ಮಾತ್ರ ಈ ಪರೀಕ್ಷೆಯ ಕಾಠಿಣ್ಯವು ತಿಳಿದೀತು. ಧನವನ್ನು ಕೊಡುವುದು ಸುಲಭ. ಕೊಟ್ಟ ವಸ್ತುವು ಸದುಪಯೋಗವಾಗುವುದನ್ನು ಕಂಡು ಸಂತೋಷಪಡುವುದು ಇನ್ನೂ ಸುಲಭ. ಉಂಕಿಯಿಂದ ತೊಡಗಿ ಅಂಚಿನವರೆಗೆ ಒಂದೊಂದು ಎಳೆಯನ್ನೂ ತಾನೇ ಇಟ್ಟ ಬಟ್ಟೆಯು ಹರಿಯುವ ಸದ್ದನ್ನು ಕೇಳಿಯೂ ಮುಖವು ಕಂದದಿರುವುದು ಬೇರೆಯ ಮಾತು. ದಾಸಿಮಯ್ಯನವರ ಮುಖವು ಕಂದಲಿಲ್ಲ. ಕೊಟ್ಟುದು ಜಂಗಮದ ಸೊತ್ತು. ಹೊದೆದರೂ ಹರಿದರೂ ಅದು ಅವರ ಇಚ್ಛೆ. ಜಂಗಮರನ್ನು ಮನೆಗೆ ಕರೆತಂದರು. ದುಗ್ಗಳೆಯಮ್ಮನವರೂ ಒಂದು ಮಾತನ್ನೂ ಆಡದೆ ಉಪಚರಿಸಿದರು. ಜಂಗಮರೂಪದಿಂದ ಬಂದಿದ್ದ ಶಿವನು ನಿಜರೂಪವನ್ನು ತೋರಿ ಅವರಿಗೆ ತವನಿಧಿಯನ್ನು ಕರುಣಿಸಿದನು. ಹಳಗನ್ನಡದಲ್ಲಿ ತವು ಎಂದರೆ ಕ್ಷಯಿಸು, ಮುಗಿದುಹೋಗು. ತವದ ನಿಧಿ, ಮುಗಿಯದ ನಿಧಿ, ಅದೇ ತವನಿಧಿ. ಎಷ್ಟು ಬಳಸಿದರೂ ಬರಿದಾಗದ ಧಾನ್ಯದಿಂದ ಅವರ ಮನೆಯಲ್ಲಿ ದಾಸೋಹವು ನಿರಂತರವಾಗಿ ನಡೆಯಿತು. ಬಸವಣ್ಣನವರ ಕಾಲಕ್ಕೆ ಈ ಕಥೆಯು ಮನೆಮಾತಾಗಿದ್ದಿತು.

ಆದರೆ ಪುರಾಣಕಾರರು ಇಲ್ಲಿಗೆ ನಿಲ್ಲಿಸದೆ ಇನ್ನೊಂದು ಪ್ರಸಂಗವನ್ನು ಸೇರಿಸಿರುವುದು ಬಹಳ ಯುಕ್ತವಾಗಿದೆ. ತವನಿಧಿಯು ಮನೆಯಲ್ಲಿರಲು ದಾಸಿಮಯ್ಯನವರ ಮನಸ್ಸಿನಲ್ಲಿ ಸೂಕ್ಷ್ಮವಾದ ಅಹಂಕಾರವು ಅಂಕುರಿಸಿತು. ನವಿಲೆಯಲ್ಲಿ ಶಂಕರದಾಸಿಮಯ್ಯನೆಂಬ ಇನ್ನೊಬ್ಬ ಶರಣನು ಹರಕುಬಟ್ಟೆಗಳನ್ನು ಹೊಲಿದು ಬಡತನದಲ್ಲಿ ಬಾಳುತ್ತಿದ್ದನು. ಅವನಿಗೆ ನೆರವಾಗಬೇಕೆಂದು ಇವರು ಹೋದರು. ವಿವರಗಳನ್ನು ಗ್ರಂಥಗಳು ಬೇರೆಬೇರೆಯಾಗಿ ಹೇಳುತ್ತವೆ. ಸಾರವಿಷ್ಟೇ: ಕೊಡಲು ಹೋದವರು ಆ ಬಡ ಹೊಲಿಗೆಯವನ ಭಕ್ತಿಸಂಪತ್ತಿನ ಮುಂದೆ ತಮ್ಮ ನಿಧಿಯು ಏನೂ ಅಲ್ಲವೆಂಬುದನ್ನು ಕಂಡು ತಲೆಬಾಗಿ ಹಿಂದಿರುಗಿದರು. ಹೊಸಬಟ್ಟೆಯನ್ನು ನೆಯ್ಯುವವರ ಗರ್ವವು ಹಳೆಬಟ್ಟೆಗೆ ತೇಪೆ ಹಾಕುವವನ ಬಾಗಿಲಲ್ಲಿ ಕರಗಿತು. ಮಹಾಪುರುಷರ ಚರಿತ್ರೆಯಲ್ಲಿ ಅವರ ಕುಂದನ್ನೂ ಮುಚ್ಚದೆ ಹೇಳಿದ ಹಿಂದಿನ ಕವಿಗಳ ಪ್ರಾಮಾಣಿಕತೆಯನ್ನು ಮೆಚ್ಚಬೇಕು.

ಚಾಲುಕ್ಯರ ರಾಜಧಾನಿಯೊಡನೆ ದಾಸಿಮಯ್ಯನವರಿಗಿದ್ದ ಸಂಬಂಧವನ್ನು ಕುರಿತು ಸ್ವಲ್ಪ ಎಚ್ಚರದಿಂದ ಬರೆಯಬೇಕಾಗಿದೆ. ಜಯಸಿಂಹನ ರಾಣಿ ಸುಗ್ಗಲೆಯು ದಾಸಿಮಯ್ಯನವರ ಶಿಷ್ಯೆಯಾಗಿದ್ದಳು. ಪೊಟ್ಟಲಕೆರೆಯಲ್ಲಿ ಅವರು ಜೈನವಿದ್ವಾಂಸರೊಡನೆ ವಾದಮಾಡಿ ಗೆದ್ದರು. ಅರಸನು ಶೈವನಾದನು ಎಂದು ಪುರಾಣಗಳು ವರ್ಣಿಸುತ್ತವೆ. ಸುಗ್ಗಲದೇವಿಯೆಂಬ ರಾಣಿಯು ಜಯಸಿಂಹನಿಗೆ ಇದ್ದುದು ಶಾಸನಗಳಿಂದ ಸಿದ್ಧವಾಗಿದೆ. ಪೊಟ್ಟಲಕೆರೆಯು ಆತನ ನೆಲೆವೀಡುಗಳಲ್ಲಿ ಒಂದೆಂಬುದೂ ನಿಜ. ಹೈದರಾಬಾದಿನ ಸಮೀಪದ ಪಟಾನ್‌ಚೆರುವೇ ಅದೆಂದು ವಿದ್ವಾಂಸರು ಗುರುತಿಸಿದ್ದಾರೆ. ಆದರೆ ಅದೇ ಜಯಸಿಂಹನ ಆಳ್ವಿಕೆಯಲ್ಲಿ, 1025ರಲ್ಲಿ, ಜೈನಾಚಾರ್ಯನಾದ ವಾದಿರಾಜನು ಪಾರ್ಶ್ವನಾಥಚರಿತವನ್ನು ಮುಗಿಸಿದನು. ಆಸ್ಥಾನದಲ್ಲಿ ಅವನಿಗೆ ಗೌರವವೂ ಇದ್ದಿತು. ಅರಸನು ಒಂದು ಮತವನ್ನು ಬಿಟ್ಟು ಇನ್ನೊಂದನ್ನು ಹಿಡಿದನೆಂಬುದಕ್ಕಿಂತ, ಎಲ್ಲ ಸಮಯಗಳಿಗೂ ಆಶ್ರಯವಿತ್ತನೆಂಬುದೇ ಚರಿತ್ರೆಗೆ ಒಪ್ಪುವ ಮಾತು. ಎರಡು ಮೂರು ಶತಮಾನಗಳ ಅನಂತರ ಬರೆದ ಪುರಾಣಗಳಲ್ಲಿ ಅವು ಹುಟ್ಟಿದ ಕಾಲದ ಸಮಯವಾದದ ಕಾವು ಸೇರಿಕೊಂಡಿರುವುದು. ಅರಮನೆಯ ಜಯಪತ್ರವಿಲ್ಲದಿದ್ದರೂ ದಾಸಿಮಯ್ಯನವರ ಹಿರಿಮೆಗೆ ಕೊರತೆಯೇನೂ ಇಲ್ಲ.

ಹೆಸರಿನ ವಿಷಯದಲ್ಲಿಯೂ ಒಂದು ವಿವಾದವುಂಟು. ಇವರನ್ನು ಜೇಡರ ದಾಸಿಮಯ್ಯನೆಂದೂ ದೇವರ ದಾಸಿಮಯ್ಯನೆಂದೂ ಕರೆಯುವರು. ದೇವಾಂಗ ಜನಾಂಗದವರು ಇವರನ್ನು ತಮ್ಮ ಮೂಲಪುರುಷನಾದ ದೇವಲ ಮಹರ್ಷಿಯ ಅವತಾರವೆಂದು ಪೂಜಿಸುತ್ತಾರೆ. ಇಬ್ಬರೂ ಒಬ್ಬರೇ, ಹೆಸರು ಮಾತ್ರ ಬೇರೆ ಎಂದು ಕೆಲವರು; ವಚನಕಾರನು ಬೇರೆ, ದೇವಾಂಗರ ಗುರುವು ಬೇರೆ ಎಂದು ಕೆಲವರು. ಈ ಕಲಹದಲ್ಲಿ ಎರಡು ಪಕ್ಷಗಳೂ ಒಪ್ಪುವ ಸಂಗತಿಯೊಂದಿದೆ: ಆ ಮಹಾನುಭಾವರು ಮಗ್ಗದ ಮುಂದೆ ಕುಳಿತವರು. ಅವರು ಬಳಸಿದ ಮಾತುಗಳೂ ಮಗ್ಗದ ಮಾತುಗಳು. ಆ ಮಾತುಗಳನ್ನು ಉಳಿಸಿಕೊಳ್ಳುವ ಕಡೆಗೆ ಈ ಜಗಳದಲ್ಲಿ ವ್ಯಯವಾದ ಶ್ರಮದ ಅರ್ಧಭಾಗವಾದರೂ ಹೋಗಿದ್ದರೆ ಚೆನ್ನಾಗಿದ್ದಿತು.

ದಾಸಿಮಯ್ಯನವರ ವಚನಗಳು ಸುಮಾರು ನೂರೈವತ್ತರ ಮೇಲೆ ದೊರೆತಿವೆ. ಹೆಚ್ಚಿನವು ನಾಲ್ಕೈದು ಸಾಲಿನವು. ಮುಂದಿನ ವಚನಕಾರರಲ್ಲಿ ಕಾಣುವ ಷಟ್‌ಸ್ಥಲದ ಪರಿಭಾಷೆಯ ವಿಸ್ತಾರವು ಇವುಗಳಲ್ಲಿಲ್ಲ. ಒಂದು ಉಪಮಾನ, ಒಂದು ಪ್ರಶ್ನೆ, ಕೊನೆಗೆ ರಾಮನಾಥನ ಹೆಸರು. ಅಷ್ಟಕ್ಕೆ ವಚನವು ಮುಗಿಯುವುದು. ಫಣಿಯಿಂದ ಒತ್ತಿ ಬಡಿದ ಬಟ್ಟೆಯಂತೆ ನೇಯ್ಗೆಯು ದಟ್ಟ. ಹೆಣ್ಣು ಗಂಡೆಂಬ ಭೇದವು ದೇಹಕ್ಕೇ ಹೊರತು ಆತ್ಮಕ್ಕಿಲ್ಲವೆಂಬ ತತ್ತ್ವವನ್ನು ಕನ್ನಡದಲ್ಲಿ ಇಷ್ಟು ನೇರವಾಗಿ ಹೇಳಿದವರಲ್ಲಿ ಇವರು ಮೊದಲಿಗರು. 1973ರಲ್ಲಿ ಎ. ಕೆ. ರಾಮಾನುಜನ್ ಅವರು ವಚನಗಳನ್ನು ಇಂಗ್ಲಿಷಿಗೆ ಪರಿವರ್ತಿಸಿ ಹೊರತಂದ ಪುಸ್ತಕದಲ್ಲಿ ಬಸವಣ್ಣನವರು, ಅಲ್ಲಮಪ್ರಭುಗಳು, ಮಹಾದೇವಿಯಕ್ಕನವರು ಇವರೊಡನೆ ದಾಸಿಮಯ್ಯನವರಿಗೂ ಸ್ಥಾನವನ್ನು ಕೊಟ್ಟುದರಿಂದ ಮುದನೂರಿನ ನೇಕಾರರ ಹೆಸರು ದೂರದೇಶಗಳಿಗೂ ಹಬ್ಬಿತು.

ಅವರ ಒಂದು ವಚನದಲ್ಲಿ ನೆಯ್ಗೆಯ ಕ್ರಮವೇ ಬಂದಿದೆ. ಉಂಕಿ, ಸರಿಗೆ, ಸಮಗಾಲು, ಲಾಳಿ, ಮುಳ್ಳು, ಕಂಡಿಕೆ ಎಂಬ ಶಬ್ದಗಳು ಒಂದರ ಹಿಂದೊಂದು ಬರುತ್ತವೆ. ವ್ಯಾಖ್ಯಾನಕಾರರು ಇವುಗಳಿಗೆ ಇಡಾ ಪಿಂಗಳಾದಿ ನಾಡಿಗಳನ್ನೂ ಚಕ್ರಗಳನ್ನೂ ಹೊಂದಿಸಿ ದೀರ್ಘವಾದ ಅರ್ಥವನ್ನು ಬರೆಯುವರು. ಬರೆಯಲಿ, ಆದರೆ ಮೊದಲು ಮಗ್ಗದ ಅರ್ಥವನ್ನು ತಿಳಿದು ಅನಂತರ ಯೋಗದ ಅರ್ಥಕ್ಕೆ ಹೋಗುವುದು ಲೇಸು. ಸರಿಗೆಯೆಂದರೆ ಇಂದಿನವರಿಗೆ ಚಿನ್ನದ ಎಳೆ. ಹತ್ತಿಯ ಉಂಕಿಯನ್ನು ಸರಿಪಡಿಸುವ ಸಂದರ್ಭದಲ್ಲಿ ಆ ಅರ್ಥವು ಹೊಂದದು. ಸಮಗ‌ೊಳಿಸಬೇಕಾದುದು ಹಾಸಿನ ಎಳೆಗಳ ಸಾಲು. ಸಮಗಾಲೆಂದರೆ ಗುಂಡಿಯೊಳಗೆ ಎರಡು ಕಾಲುಗಳನ್ನೂ ಹದವರಿತು ಸಮನಾಗಿ ತುಳಿಯುವ ನಡೆ. ಇನ್ನು ಲಾಳಿಯ ಮುಳ್ಳು ಕಂಡಿಕೆಯನ್ನು ನುಂಗುವ ಮಾತು. ಮಗ್ಗವನ್ನು ಕಾಣದವರಿಗೆ ಇದು ಬೆಡಗು, ಬಿಡಿಸಲಾರದ ಒಗಟು. ನೇಕಾರನಿಗೆ ಅದು ದಿನಕ್ಕೆ ಎಷ್ಟೋ ಬಾರಿ ಕಣ್ಣೆದುರು ನಡೆಯುವ ಸಂಗತಿ: ಲಾಳಿಯು ಓಡಾಡಿದಂತೆ ಕಂಡಿಕೆಯ ನೂಲು ಬಿಚ್ಚಿ ಬಿಚ್ಚಿ ಬಟ್ಟೆಯೊಳಗೆ ಸೇರುವುದು, ಕೊನೆಗೆ ನೂಲೆಲ್ಲ ತೀರಿ ಮುಳ್ಳೊಂದೇ ಉಳಿಯುವುದು. ಹೀಗೆ ತಿಳಿದ ಮೇಲೆ, ನೆಯ್ದವನು ಯಾರೆಂದು ಅವರು ಕೊನೆಯಲ್ಲಿ ರಾಮನಾಥನನ್ನು ಕೇಳುವ ಪ್ರಶ್ನೆಗೆ ಹೊಸದೊಂದು ಆಳವು ಬರುವುದು. ಕರ್ತೃತ್ವದ ಅಭಿಮಾನವು ಕಂಡಿಕೆಯ ನೂಲಿನಂತೆ ಸವೆದುಹೋದ ಗಳಿಗೆಯಲ್ಲಿ ಹುಟ್ಟಿದ ಪ್ರಶ್ನೆಯದು.

ಶರಣರಲ್ಲಿ ಈ ಕಾಯಕದವರು ದಾಸಿಮಯ್ಯನವರೊಬ್ಬರೇ ಅಲ್ಲ. ಅಮುಗಿ ದೇವಯ್ಯನವರೂ ಅವರ ಪತ್ನಿ ರಾಯಮ್ಮನವರೂ ನೇಕಾರರು. ಸೂಜಿಕಾಯಕದ ರಾಮಿತಂದೆಗಳು ಹೊಲಿಗೆಯವರು. ಮಡಿವಾಳ ಮಾಚಯ್ಯನವರು ಬಟ್ಟೆಯನ್ನು ಒಗೆದು ಮಡಿಮಾಡಿದವರು. ನೂಲುವುದರಿಂದ ಮಡಿಸುವವರೆಗೆ ಬಟ್ಟೆಯ ಬಾಳಿನ ಒಂದೊಂದು ಘಟ್ಟದಲ್ಲಿಯೂ ಒಬ್ಬ ಶರಣರು ಕುಳಿತಿದ್ದಾರೆ.

ಹುಣಸಮಾರನಹಳ್ಳಿ, ಯಲಹಂಕದ ಸೀಮೆಯ ಭಕ್ತರಿಗೆ ಮಗ್ಗದ ಸದ್ದು ಅಪರಿಚಿತವಲ್ಲ. ಸಮೀಪದ ದೊಡ್ಡಬಳ್ಳಾಪುರವು ಹೆಸರಾಂತ ನೇಕಾರರ ಊರು. ಅಲ್ಲಿ ಈಗ ಓಡುವುವು ಸಾವಿರಾರು ವಿದ್ಯುನ್ಮಗ್ಗಗಳು. ಅವುಗಳಿಗೆ ಕಾಲಿನ ಗುಂಡಿಯಿಲ್ಲ. ಆದುದರಿಂದ ಸಮಗಾಲೂ ಇಲ್ಲ. ಹಾಸು ಯಂತ್ರದಲ್ಲಿಯೇ ಸಿದ್ಧವಾಗಿ ಬರುವುದು. ಬೀದಿಯಲ್ಲಿ ಉಂಕಿಯನ್ನು ಚಾಚುವ ನೋಟವು ಅಪರೂಪವಾಯಿತು. ಲಾಳಿ ಕಂಡಿಕೆಗಳು ಹಳೆಯ ಯಂತ್ರಗಳಲ್ಲಿ ಉಳಿದಿವೆ. ಲಾಳಿಯೇ ಇಲ್ಲದೆ ಹೊಕ್ಕನ್ನು ಒಯ್ಯುವ ಯಂತ್ರಗಳೂ ಬಂದಿವೆ. ಪದಾರ್ಥವು ಹೋದರೆ ಪದವು ಎಷ್ಟು ದಿನ ನಿಂತೀತು? ಕೈಮಗ್ಗವನ್ನು ಬಲ್ಲ ವೃದ್ಧರು ಇರುವಷ್ಟರಲ್ಲಿ ಅವರ ಬಾಯಿಂದ ಈ ಶಬ್ದಗಳನ್ನು ಅರ್ಥಸಹಿತವಾಗಿ ಬರೆದಿಡುವ ಕೆಲಸವು ನಡೆಯದಿದ್ದರೆ, ದಾಸಿಮಯ್ಯನವರ ಆ ವಚನವನ್ನು ಮುಂದಿನವರು ಮಂತ್ರದಂತೆ ಪಠಿಸಬಹುದೇ ಹೊರತು ಅರಿಯಲಾರರು.

ದಾಸಿಮಯ್ಯನವರು ಲಿಂಗೈಕ್ಯರಾದ ಕಾಲವು ತಿಳಿಯದು. ಸತಿಪತಿಗಳಿಬ್ಬರೂ ಕೊನೆಯವರೆಗೆ ಮುದನೂರಿನಲ್ಲಿ ಕಾಯಕದಾಸೋಹಗಳಲ್ಲಿ ನಿರತರಾಗಿದ್ದರೆಂದು ಭಕ್ತರು ನಂಬಿರುವರು. ದುಗ್ಗಳೆಯಮ್ಮನವರ ಹೆಸರಿನಲ್ಲಿಯೂ ಎರಡು ವಚನಗಳು ದೊರೆತಿವೆ. ಅವುಗಳಲ್ಲಿ ಒಂದರಲ್ಲಿ ಬಸವಣ್ಣನವರ ಹೆಸರು ಬರುವುದರಿಂದ ದಂಪತಿಗಳ ಕಾಲನಿರ್ಣಯದಲ್ಲಿ ವಿದ್ವಾಂಸರಿಗೆ ತೊಡಕುಂಟಾಗಿದೆ. ಅವರ ಅಂಕಿತವು ದಾಸಯ್ಯಪ್ರಿಯ ರಾಮನಾಥ ಎಂದು. ಪತಿಯ ದೇವರನ್ನೇ ತಾವೂ ನೆನೆದು, ಆ ದೇವರ ಹೆಸರಿನ ಹಿಂದೆ ಪತಿಯ ಹೆಸರನ್ನು ಪೋಣಿಸಿದ್ದಾರೆ.